ಸೊಟ್ಟ ಗೋಡೆ

ಜಯನಗರದ ಆರ್ಕಿಟೆಕ್ಟ್ ಆಫೀಸೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಸಂಜೀವಯ್ಯ ಇಪ್ಪತ್ತೆಂಟು ವರ್ಷ ನೇರ ಗೆರೆ ಎಳೆದೇ ಬದುಕಿದವರು. ಕೊಡೈಕೆನಾಲ್ ಬೆಟ್ಟದ ಮೇಲೆ ಕಲ್ಲು, ಮರದ ಬಂಗಲೆ ಕಟ್ಟಿಸಹೊರಟ ಮಿಲ್ ಮಾಲೀಕರಿಗೆ ಮಾತ್ರ ನೇರ ಗೆರೆಯೇ ಆಗಿಬರಲಿಲ್ಲ. ಬಚ್ಚಲಿಗೆ ಇಟಲಿಯ ಅಮೃತಶಿಲೆಯೇ ಬೇಕು, ಗೋಡೆ ಮಾತ್ರ ಹಳ್ಳಿಯವನು ಕೈಯಾರೆ ಕಟ್ಟಿದಂತೆ ಸೊಟ್ಟಗಿರಬೇಕು! "ಇದೇನ್ರೀ, ಬ್ಯಾಂಕ್ ಇದ್ದಂಗಿದೆ" ಎಂದು ಆರು ಸಲ ನಕ್ಷೆ ವಾಪಸು ಕಳಿಸಿದ್ದರು.

ಏಳನೇ ಸಲ ಸಂಜೀವಯ್ಯ ಸ್ಕೇಲನ್ನು ಬದಿಗಿಟ್ಟು ಬರಿಗೈಯಲ್ಲಿ ಬರೆಯಲು ಕೂತರು. ಕೈ ಕೇಳಬೇಕಲ್ಲ! ಅದು ನೇರಕ್ಕೇ ಓಡುತ್ತಿತ್ತು. ನಾಲ್ಕು ದಿನ ಕುತ್ತಿಗೆ ಹಿಡಿದುಕೊಳ್ಳುವ ತನಕ ಒದ್ದಾಡಿ, ಒಂದೊಂದು ಕಲ್ಲನ್ನೂ ಒಂದೊಂದು ತೊಲೆಯನ್ನೂ ಓರೆಕೋರೆಯಾಗಿ ಬರೆದರು. ಶಾಯಿಯಲ್ಲಿ ಟ್ರೇಸ್ ಮಾಡಲೆಂದು ಅದನ್ನು ಆಫೀಸಿಗೆ ಹೊಸದಾಗಿ ಸೇರಿದ್ದ ಜಯಶೀಲಾಳ ಮೇಜಿನ ಮೇಲಿಟ್ಟು, ಬನಶಂಕರಿ ಬಸ್ಸು ಹಿಡಿದು, ಮನೆಗೆ ಹೋಗಿ ಎರಡು ದಿನ ಮಲಗಿಬಿಟ್ಟರು.

ಬಂದು ನೋಡಿದರೆ ಟ್ರೇಸಿಂಗ್ ಹಾಳೆಯಲ್ಲಿ ಗೋಡೆಗಳೆಲ್ಲ ದಾರ ಹಿಡಿದಂತೆ ನೆಟ್ಟಗಿದ್ದವು.

"ಸಾರ್," ಜಯಶೀಲಾ ದನಿ ತಗ್ಗಿಸಿದಳು, "ನಿಮ್ಮ ಕೈ ನಡುಗ್ತಿದೆ ಅಂತ ಗೊತ್ತಾಯ್ತು. ಎಲ್ಲಾ ಸ್ಕೇಲ್ ಇಟ್ಟು ಸರಿ ಮಾಡಿದೀನಿ. ಸಾಹೇಬ್ರು ನೋಡಿದ್ರೆ ನಿಮ್ಮ ಕೆಲಸಕ್ಕೇ ಕುತ್ತು ಅಂತ ಪೆನ್ಸಿಲ್ ಹಾಳೇನ ಹರಿದುಹಾಕ್ದೆ. ಯಾರಿಗೂ ಹೇಳಲ್ಲ."

ಅವಳ ಕಣ್ಣಲ್ಲಿ ನೀರಿತ್ತು.

"ಒಳ್ಳೇದು ಮಾಡಿದೆ ಕಣಮ್ಮ" ಎಂದು ಸಂಜೀವಯ್ಯ ಹೊಸ ಹಾಳೆಯನ್ನು ಹಲಗೆಗೆ ಅಂಟಿಸಿ, ಪೆನ್ಸಿಲ್ ಎತ್ತಿಕೊಂಡರು. ಈ ಸಲ ಕೈ ತಾನಾಗಿಯೇ ನಡುಗುತ್ತಿತ್ತು. ಮೊದಲ ಗೋಡೆ ಯಾವ ಕಷ್ಟವೂ ಇಲ್ಲದೆ ಸೊಟ್ಟಗೆ ಬಂತು.