ಎಡಗೈಗೆ ಸಿಗುವ ಗುಂಡಿ

ಶೋಭಾರಾಣಿ ದಿನಕ್ಕೆ ಎಷ್ಟು ಅಂಗಿಗಳಿಗೆ ಕಫ್ ಕೂರಿಸುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಗೌರಿಬಿದನೂರಿನ ಹೊರಗಿನ ಗಾರ್ಮೆಂಟ್ಸಿನಲ್ಲಿ, ಮದುವೆಯಾದ ಮರುವರ್ಷದಿಂದ ಅವಳದು ಅದೊಂದೇ ಕೆಲಸ: ಬಲತೋಳಿನ ಕಫ್. ಎಡತೋಳು ಪಕ್ಕದವಳದು. ಸಂಜೆ ನಗರಗೆರೆಯಲ್ಲಿ ಬಸ್ಸಿಳಿಯುವ ಹೊತ್ತಿಗೆ ಕುತ್ತಿಗೆ ಮರಗಟ್ಟಿ, ಕಣ್ಣಲ್ಲಿ ಮರಳು ಬಿದ್ದಂತಾಗಿರುತ್ತಿತ್ತು. ಮನೆಗೆ ಬಂದು ಮತ್ತೆ ಸೂಜಿ ಹಿಡಿಯುವುದೆಂದರೆ ಅವಳಿಗೆ ಮೈ ಉರಿಯುತ್ತಿತ್ತು.

ಹಿಡಿಯುವ ಅಗತ್ಯವೂ ಬಂದಿರಲಿಲ್ಲ. ಮನೆಯ ಹರಿದದ್ದು ಕಿತ್ತದ್ದೆಲ್ಲ ಅತ್ತೆ ಓಬಳಮ್ಮನ ಪಾಲು. ಮಗ ರಮೇಶ್‌ಬಾಬುವಿನ ಅಂಗಿಯ ಗುಂಡಿ, ಮೊಮ್ಮಗಳು ಸೌಜನ್ಯಳ ಯೂನಿಫಾರಂ, ಲಂಗದ ಲಾಡಿ, ಎಲ್ಲವನ್ನೂ ಆಕೆ ಮಧ್ಯಾಹ್ನ ಜಗಲಿಯ ಮೇಲೆ ಕೂತು ಸರಿಮಾಡಿಡುತ್ತಿದ್ದಳು. ಸೂಜಿದಾರ ಕಟ್ಟಿಟ್ಟ ಬಟ್ಟೆಗಂಟನ್ನು ಸೊಸೆಗೆ ಮುಟ್ಟಗೊಟ್ಟವಳಲ್ಲ. ನಿನ್ನದು ಮಿಷಿನ್ ಕೈ, ದಾರವೆಲ್ಲ ಸಿಕ್ಕುಮಾಡುತ್ತೀಯ ಎನ್ನುತ್ತಿದ್ದಳು.

ಯುಗಾದಿಗೆ ಮುಂಚೆ ಓಬಳಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮಾತು ತೊದಲಿದರೂ ಉಳಿಯಿತು. ಗೋಡೆ ಹಿಡಿದು ನಡೆಯುತ್ತಿದ್ದಳು, ಎಡಗೈಯಲ್ಲೇ ಉಣ್ಣುತ್ತಿದ್ದಳು, ಹೇಗೋ ಉಟ್ಟುಕೊಳ್ಳುತ್ತಿದ್ದಳು. ಹರಿದ ಬಟ್ಟೆಗಳು ಮಾತ್ರ ಕುರ್ಚಿಯ ಮೇಲೆ ರಾಶಿ ಬಿದ್ದವು. ಈ ಭಾನುವಾರ ನೋಡೋಣ ಎಂದುಕೊಂಡ ಶೋಭಾರಾಣಿ, ಭಾನುವಾರ ಬಂದರೆ ವಾರದ ಬಟ್ಟೆ ಒಗೆದು, ರಾಗಿ ಬೀಸಿಸಿಕೊಂಡು ಬಂದು, ಸಿಕ್ಕಿದ ಕಡೆ ಒರಗಿ ನಿದ್ದೆಹೋಗುತ್ತಿದ್ದಳು.

ಅಂಥದೊಂದು ಭಾನುವಾರ ಬೆಳಿಗ್ಗೆ ಅತ್ತೆಗೆ ತಲೆಗೆ ನೀರು ಹಾಕಲು ಕೂರಿಸಿದಾಗ, ಆಕೆಯ ಎದೆಯ ಮೇಲೆ ಕೆಂಪಗೆ ಚುಚ್ಚಿದ ಗುರುತುಗಳು ಕಂಡವು. ಒಂದರಲ್ಲಿ ಕೀವು ಕಟ್ಟಿತ್ತು. ಬಿಚ್ಚಿಟ್ಟ ರವಿಕೆ ಎತ್ತಿ ನೋಡಿದಳು. ಹುಕ್ಸು ಒಂದೂ ಇರಲಿಲ್ಲ. ಇದ್ದದ್ದು ಬಾಯಿ ಬಿಟ್ಟುಕೊಂಡ ಪಿನ್ನೀಸುಗಳು.

"ಯಾವಾಗಿಂದ ಅತ್ತಮ್ಮ ಇದು?"

"ಹುಕ್ಸು ಕಿತ್ತೋಗಿ ಸುಮಾರು ದಿನ ಆಯ್ತು. ಎಡಗೈಗೆ ಪಿನ್ನೀಸು ನೆಟ್ಟಗೆ ಬೀಳಲ್ಲ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

ಓಬಳಮ್ಮ ತಂಬಿಗೆಯ ಕಡೆ ನೋಡುತ್ತ ಕೂತಳು. "ಹೇಳಣ ಅಂತಲೇ ಇದ್ದೆ. ಸಾಯಂಕಾಲ ನಿನ್ ಮುಖ ನೋಡಿದ್ರೆ ಬಾಯಿ ಬರ್ತಿರ್ಲಿಲ್ಲ ಕಣಮ್ಮ."

ಶೋಭಾರಾಣಿಗೆ ಅಳು ಬರಲಿಲ್ಲ. ಅಳುವುದಕ್ಕೂ ಸ್ವಲ್ಪ ತ್ರಾಣ ಬೇಕು. ನೀರು ಹಾಕಿ, ಗಾಯಕ್ಕೆ ಮುಲಾಮು ಹಚ್ಚಿ, ತನ್ನದೊಂದು ಸಡಿಲ ನೈಟಿ ತೊಡಿಸಿದಳು. ಆಮೇಲೆ ಅತ್ತೆಯ ಸೂಜಿದಾರದ ಗಂಟು ಬಿಚ್ಚಿದಳು. ಸೂಜಿಗಳು ತುಕ್ಕು ಹಿಡಿದು ಬಟ್ಟೆಗೆ ಅಂಟಿದ್ದವು. ದಾರ ಎಳೆದರೆ ತುಂಡಾಗುತ್ತಿತ್ತು.

ಮಧ್ಯಾಹ್ನದ ಬಸ್ಸಿಗೆ ಮತ್ತೆ ಗೌರಿಬಿದನೂರಿಗೇ ಹೋದಳು. ರಜೆಯ ದಿನವೂ ಅದೇ ದಾರಿ. ಫ್ಯಾನ್ಸಿ ಸ್ಟೋರಿನಲ್ಲಿ ಏನು ಕೇಳಬೇಕೆಂದು ತಕ್ಷಣ ಹೊಳೆಯಲಿಲ್ಲ. ಅವಳಿಗೆ ಬಾಯಿಗೆ ಬರುತ್ತಿದ್ದದ್ದು ಮಿಷಿನ್ ಸೂಜಿಯ ನಂಬರು. ಕೊನೆಗೆ ಮನೆಯ ಬಟ್ಟೆಗಳನ್ನು ಒಂದೊಂದಾಗಿ ನೆನೆಸಿಕೊಂಡಳು. ಕೈಸೂಜಿಯ ಪ್ಯಾಕೆಟ್ಟು, ಕಪ್ಪು, ಬಿಳಿ ಮತ್ತು ಯೂನಿಫಾರಮ್ಮಿನ ನೀಲಿ ದಾರ, ಹುಕ್ಸು, ಅಂಗಿ ಗುಂಡಿ, ಲಾಡಿ, ಸಣ್ಣ ಕತ್ತರಿ. ಹೊರಡುವಾಗ ಗಾಜಿನ ಕೆಳಗೆ ದೊಡ್ಡ ಟಿಚ್ ಬಟನ್ನುಗಳು ಕಂಡವು, ಒತ್ತಿದರೆ ಕೂರುವಂಥವು. ಅವನ್ನೂ ತೆಗೆದುಕೊಂಡಳು. ಟೈಲರಿಂಗ್ ಕ್ಲಾಸಿಗೆ ಸೇರಿದ್ರಾ ಎಂದು ಅಂಗಡಿಯವನು ಕೇಳಿದ. ಇಲ್ಲ, ಮನೆಗೆ ಎಂದಳು.

ಕ್ಲಿಪ್ಪು ಮುರಿದ ಟಿಫನ್ ಡಬ್ಬಿಯಲ್ಲಿ ಎಲ್ಲವನ್ನೂ ಜೋಡಿಸಿಕೊಂಡು ಅತ್ತೆಯ ಪಕ್ಕ ಕೂತಳು. ರವಿಕೆಗೆ ಮೊದಲು ಹುಕ್ಸನ್ನೇ ಹಾಕಿದಳು. ಓಬಳಮ್ಮ ಎಡಗೈಯಲ್ಲಿ ತಡಕಿದಳು, ತಡಕಿದಳು, ಕೈ ಕೆಳಗಿಟ್ಟಳು. ಹಾಕಿದ್ದನ್ನೆಲ್ಲ ಶೋಭಾರಾಣಿ ಬಿಚ್ಚಿ ಟಿಚ್ ಬಟನ್ ಹಿಡಿದಳು. ಅದು ಮಕ್ಕಳ ಬಟ್ಟೆಗೆ ಹಾಕುವುದು ಎಂದು ಅತ್ತೆ ಮುಖ ತಿರುಗಿಸಿದಳು. ಸೊಸೆ ಹೊಲಿಯಲು ಶುರುಮಾಡಿದಳು.

ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು. ಮೋಟಾರಿನ ಸದ್ದಿಲ್ಲದೆ ಕೈಗೆ ದಾರಿ ತಿಳಿಯುತ್ತಿರಲಿಲ್ಲ. ಅಭ್ಯಾಸಬಲದಿಂದ ಬಲಗಾಲು ಸುಮ್ಮನೆ ನೆಲ ಒತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಓಬಳಮ್ಮ ಈ ಕಡೆ ತಿರುಗಿದಳು.

"ದಾರ ಅಷ್ಟುದ್ದ ತಗೋಬೇಡ ಕಣೇ. ಒಂದು ಮೊಳ ಸಾಕು. ಗಂಟು ಒಳಗಡೆ ಬರ್ಲಿ, ಮೈಗೆ ಒತ್ತದಂಗೆ."

ಅವಳು ಹಾಗೇ ಮಾಡಿದಳು. ರವಿಕೆ ತೊಟ್ಟು ಓಬಳಮ್ಮ ಎಡಗೈಯ ಹೆಬ್ಬೆರಳಿನಿಂದ ಕೆಳಗಿನಿಂದ ಒತ್ತುತ್ತ ಬಂದಳು. ಮೇಲಿನದು ಸುಲಭಕ್ಕೆ ಕೂರಲಿಲ್ಲ. ಶೋಭಾರಾಣಿ ಕೈ ಚಾಚಿದಳು.

"ಬಿಡು, ಆಗ್ತದೆ," ಎಂದಳು ಓಬಳಮ್ಮ. ಆಯಿತು.

ಸಂಜೆ ಜೋಳದ ಹೊಲದಿಂದ ಬಂದ ರಮೇಶ್‌ಬಾಬು ಡಬ್ಬಿ ತೆರೆದಿದ್ದುದನ್ನು ನೋಡಿ, ರಾಶಿಯಿಂದ ಗುಂಡಿ ಕಿತ್ತ ತನ್ನ ಅಂಗಿಯೊಂದನ್ನು ಎಳೆದು ಹೆಂಡತಿಯ ಮುಂದೆ ಹಿಡಿದ. ಅವಳು ಅಂಗಿ ತೆಗೆದುಕೊಳ್ಳಲಿಲ್ಲ. ಸೂಜಿಗೆ ದಾರ ಪೋಣಿಸಿ ಅವನ ಕೈಗೆ ಕೊಟ್ಟಳು.

"ಕೂತ್ಕೊಳ್ಳಿ. ಅತ್ತಮ್ಮ ಹೇಳ್ಕೊಡ್ತಾರೆ."

ಅವನು ನಕ್ಕ. ಅವಳು ನಗಲಿಲ್ಲ. ತಾಯಿಯ ಮುಖ ನೋಡಿದ. ಅಲ್ಲೂ ದಾರಿ ಸಿಗಲಿಲ್ಲ. ಕೂತ.

ಶೋಭಾರಾಣಿ ಚಾಪೆ ಹಾಸಿ ಗೋಡೆಯ ಕಡೆ ತಿರುಗಿ ಮಲಗಿದಳು. ಕೆಳಗೆ, ಇನ್ನೂ ಕೆಳಗೆ ಚುಚ್ಚೋ ಎಂದು ಅತ್ತೆ ಬೈಯುತ್ತಿದ್ದದ್ದು ಕೇಳಿಸುತ್ತಿರುವಾಗಲೇ ನಿದ್ದೆ ಬಂತು.

ವಾರದೊಳಗೆ ಗಾಯ ಒಣಗಿತು. ರಮೇಶ್‌ಬಾಬು ಹೊಲಿದ ಗುಂಡಿ ಬುಧವಾರವೇ ಕಿತ್ತುಬಂತು. ಯಾರನ್ನೂ ಕೂಗದೆ ತಾನೇ ಮತ್ತೆ ಹಾಕಿಕೊಂಡ ಎಂದು ಓಬಳಮ್ಮ ಸಂಜೆ ಬಾಗಿಲಲ್ಲೇ ಸೊಸೆಗೆ ಹೇಳಿದಳು. ಶೋಭಾರಾಣಿ ಹೂಂ ಎಂದು, ಚಪ್ಪಲಿ ಬಿಟ್ಟು, ಒಲೆ ಹಚ್ಚಲು ಒಳಗೆ ಹೋದಳು.