ತಮ್ಮನ ಬೆನ್ನು, ಅಣ್ಣನ ನಾಲಿಗೆ

ಬಡಗಿ ಅಣ್ಣ ತಮ್ಮ ಇಬ್ಬರಿಗೂ ಒಂದೇ ದಿನ ಬೆನ್ನು ಹಿಡಿದುಕೊಂಡಿತು. ಬಾಗಿಲ ಚೌಕಟ್ಟನ್ನು ಇಬ್ಬರೂ ಸೇರಿ ಎತ್ತಿದ್ದೇ ನೆಪ.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮೇಡಂ ಇಬ್ಬರನ್ನೂ ಪರೀಕ್ಷಿಸಿ, ಒಂದಿಷ್ಟು ಪ್ರಶ್ನೆ ಕೇಳಿದರು. ಅಣ್ಣನಿಗೆ, "ಹೆದರೋದೇನಿಲ್ಲ. ಮಲಗಿಬಿಡಬೇಡಿ, ಓಡಾಡ್ತಾ ಇರಿ" ಎಂದಷ್ಟೇ ಹೇಳಿದರು. ತಮ್ಮನಿಗೆ ಮಾತ್ರ ವಾರವಾರವೂ ಬರಲು ಹೇಳಿದರು.

ಹತ್ತೇ ದಿನಕ್ಕೆ ಅಣ್ಣ ಉಳಿ ಹಿಡಿದ. ತಮ್ಮ ಇನ್ನೂ ಗೋಡೆ ಹಿಡಿದೇ ನಡೆಯುತ್ತಿದ್ದ.

"ಅದೇ ಚೌಕಟ್ಟು, ಅದೇ ನೋವು. ನನಗೆ ಹೋಯ್ತು, ಇವನಿಗೆ ಹೋಗಲ್ವಂತೆ. ಮೈಗಳ್ಳ!" ಎಂದು ಅಣ್ಣ ಕೆಲಸದವರೆದುರೇ ಅಂದುಬಿಟ್ಟ. ತಮ್ಮ ಆಮೇಲೆ ಆಸ್ಪತ್ರೆ ಕಡೆಗೇ ಹೋಗಲಿಲ್ಲ.

ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಬಂದು, "ಭಾವ, ಒಂದ್ಸಲ ಒಳಗೆ ಬನ್ನಿ" ಎಂದಳು. ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ. ಎರಡು ವರ್ಷದ ಮಗಳು ಅವನ ಕಾಲು ತಬ್ಬಿ, ಎತ್ತಿಕೋ ಎಂದು ಅಳುತ್ತಿದ್ದಳು.

"ಬಗ್ಗಿದ್ರೆ ಬೆನ್ನು ಮುರಿದೇಹೋಗುತ್ತೆ ಅನ್ಸುತ್ತೆ ಅಣ್ಣಾ. ಮೈಗಳ್ಳ ಅಂದೆಯಲ್ಲ, ಆಸ್ಪತ್ರೆಗೆ ಹೋಗೋಕೂ ನಾಚಿಕೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅಣ್ಣನಿಗೆ. ಅಂದೇ ತಮ್ಮನನ್ನು ತಾನೇ ಆಸ್ಪತ್ರೆಗೆ ಕರೆದೊಯ್ದ.

"ಇಬ್ರಿಗೂ ಒಂದೇ ನೋವಲ್ವಾ ಮೇಡಂ?"

"ನೋವು ಒಂದೇ. ಆದ್ರೆ ಅಲ್ಲಾಡೋಕೆ ಭಯವಾ, ವಾಸಿಯಾಗಲ್ಲ ಅಂತ ಚಿಂತೆಯಾ, ಯಾವುದರಲ್ಲೂ ಮನಸ್ಸಿಲ್ವಾ, ನೋವು ಕಾಲಿಗೂ ಇಳಿದಿದ್ಯಾ ಅಂತ ಅವತ್ತು ಕೇಳಿದ್ನಲ್ಲ? ನೀವು ಎಲ್ಲಕ್ಕೂ ಇಲ್ಲ ಅಂದ್ರಿ. ಇವರು ಹೆಚ್ಚುಕಮ್ಮಿ ಎಲ್ಲಕ್ಕೂ ಹೌದು ಅಂದ್ರು. ಇಂಥವರಲ್ಲಿ ನೋವು ಬೇರೂರಿ, ಕೆಲಸವೇ ಕೈತಪ್ಪೋ ಸಾಧ್ಯತೆ ಜಾಸ್ತಿ. ಅದಕ್ಕೇ ವ್ಯಾಯಾಮದ ಜೊತೆಗೆ ಭಯ ಬಿಡಿಸೋ ಚಿಕಿತ್ಸೆನೂ ಬೇಕು. ಇವರು ನಡುವೆ ಯಾಕೆ ಬಿಟ್ರು?"

"ಬಿಡಿಸಿದ್ದು ನನ್ನ ನಾಲಿಗೆ" ಎಂದ ಅಣ್ಣ.

"ಹಾಗಾದ್ರೆ ಪ್ರತಿ ವಾರ ನೀವೇ ಕರ್ಕೊಂಡು ಬನ್ನಿ."

ಕರೆತಂದ. ಮೂರು ತಿಂಗಳಿಗೆ ತಮ್ಮ ಕೆಲಸಕ್ಕೆ ಮರಳಿದ. ನೋವು ಪೂರಾ ಹೋಗಿರಲಿಲ್ಲ, ಭಯ ಹೋಗಿತ್ತು. ಅಂದು ಅಣ್ಣ ಎಲ್ಲರೆದುರು, "ನಾನು ಅವತ್ತು ಅಂದದ್ದು ತಪ್ಪು" ಎಂದ. "ಬಿಡು, ಆ ಉಜ್ಜುಗೊರಡು ಕೊಡು" ಎಂದ ತಮ್ಮ. ಕೊಡುವಾಗಲೂ ಅಣ್ಣನಿಗೆ ತಲೆ ಎತ್ತಲಾಗಲಿಲ್ಲ.

ನಿಮ್ಮ ಮನೆಯಲ್ಲೂ ಬೆನ್ನು ನೋವಿನವರಿದ್ದಾರೆಯೇ? ಇನ್ನೊಬ್ಬರದು ಬೇಗ ವಾಸಿಯಾಯಿತೆಂದು ಇವರನ್ನು ಹಂಗಿಸಬೇಡಿ. ಚಿಕಿತ್ಸಕರು ಕೇಳಿದಾಗ ನೋವಿನ ಜೊತೆ ಭಯ, ಬೇಸರವನ್ನೂ ಮುಚ್ಚಿಡದೆ ಹೇಳಲಿ. ಅವರವರಿಗೆ ತಕ್ಕ ಚಿಕಿತ್ಸೆ ಸಿಗುವುದು ಆಗಲೇ. ಕಾಲು ಸೋತರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಮೈಗಳ್ಳ ಅನ್ನಲು ಬಾಯಿ ತೆರೆದಿದ್ದರೆ, "ನಡಿ, ನಾನೂ ಬರ್ತೀನಿ" ಅನ್ನಿ.