ಸುರೇಶನ ಜೀತ

“ಅಲ್ಲೇ ನಿಂತ್ಕಳಮ್ಮಿ, ಮೆಟ್ಲ್ ಮ್ಯಾಕ್ ಯಾಕ್ ಬತ್ತೀಯೆ? ಕೇಳೋದು ಕಿವೀಲಿ ತಾನೆ, ಕಾಲಲ್ಲಲ್ವಲ್ಲ.”

ಧರ್ಮೇಂದ್ರ ಜಗಲಿಯ ಕುರ್ಚಿ ಬಿಟ್ಟು ಏಳದೆ ಫೋನನ್ನು ಕೆಳಗೆ ಚಾಚಿದ. ಚಿಕ್ಕಸಿದ್ದಮ್ಮ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಸಗಣಿ ಕೈಯನ್ನು ಸೀರೆಗೆ ಒರೆಸಿಕೊಂಡು ಕತ್ತು ನೀಡಿ ನಿಂತಳು. ಪ್ರತಿ ಸೋಮವಾರ ಅವನ ಕೊಟ್ಟಿಗೆ ಬಾಚಿದ್ದಕ್ಕೆ ಅವಳಿಗೆ ಸಿಗುತ್ತಿದ್ದ ಕೂಲಿ ಇದೊಂದೇ. ಫೋನು ಅವಳ ಸತ್ತ ಮಗ ಸುರೇಶನದು.

“ಅವ್ವೋ, ಇತ್ಲಾಗ್ ನೋಡು. ಒಸಿ ನಗು ಮತ್ತೆ,” ಎಂದಿತು ಫೋನು. ಹೊಗೆಸೊಪ್ಪು ಮುರಿಯುತ್ತಿದ್ದ ತಾಯಿಯನ್ನು ಸುರೇಶ ತಾನೇ ತೆಗೆದಿದ್ದ ವಿಡಿಯೊ.

“ಓಗ್ಲಾ, ಕೆಲ್ಸ ನೋಡೋಗು,” ಎಂದಳು ವಿಡಿಯೊದ ಚಿಕ್ಕಸಿದ್ದಮ್ಮ. ಜಗಲಿಯ ಕೆಳಗೆ ನಿಂತವಳೂ ಅದನ್ನೇ ಅಂದಳು. ಅನ್ನಬಾರದು ಅಂದುಕೊಂಡೇ ಬರುತ್ತಿದ್ದಳು, ಆದರೆ ಮಗ ಕರೆದರೆ ಬಾಯಿ ತಾನೇ ಓಗೊಡುತ್ತಿತ್ತು.

ಧರ್ಮೇಂದ್ರ ಒಳಮನೆಯ ಕಡೆ ತಿರುಗಿ ಹೆಂಡತಿಗೆ ಕೂಗಿ ಹೇಳಿದ. “ಕೇಳಿದ್ಯೇನೆ? ಇವತ್ತೂ ಉತ್ರ ಕೊಡ್ತು ಮುದ್ಕಿ.”

“ಇನ್ನೊಂದ್ ಕಿತ ಆಕಿ ಬುದ್ದಿ.”

“ಮುಂದಿನ್ ಸ್ವಾಮಾರ. ಮನೇಲಿ ಡಬ್ಬ ಉರೀತಾ ಐತಾ? ಅದು ಆರೋದ್ರೆ ನಿನ್ ಮಗನ ಮಾತೂ ಓಯ್ತು ಅನ್ಕೊ.”

ಹೋದ ವರ್ಷ ಇದೇ ಧರ್ಮೇಂದ್ರನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ, ಸೊಪ್ಪು ನೇತುಹಾಕುವಾಗ, ಗೆದ್ದಲು ತಿಂದ ತೊಲೆ ಮುರಿದು ಸುರೇಶ ಮೇಲಿನಿಂದ ಬಿದ್ದಿದ್ದ. ಹೆಣ ಎತ್ತುವ ಮೊದಲೇ ಅವನ ಜೇಬಿನ ಫೋನು ಧರ್ಮೇಂದ್ರನ ಜೇಬು ಸೇರಿತ್ತು. ಪೊಲೀಸರಿಗೆ ಬೇಕು ಅಂದ. ಪೊಲೀಸರು ಬಂದೂ ಹೋದರು, ಫೋನು ಮಾತ್ರ ತಾಯಿಯ ಕೈಗೆ ಬರಲಿಲ್ಲ. ಅದರ ಬದಲು ಅವಳ ಗೋಡೆಗೆ ಹಸಿರು ದೀಪದ ಒಂದು ನೆಟ್ ಡಬ್ಬ ಬಂತು, ಕರೆಂಟು ಹೋದರೆ ಇರಲಿ ಅಂತ ಜೊತೆಗೊಂದು ಬ್ಯಾಟರಿ. ಕೇರಿಯ ಮನೆ ಮನೆಗೂ ಅಂಥದೇ ಡಬ್ಬ ಬಂದಿತ್ತು. ಬಿಟ್ಟಿ ನೆಟ್ಟು ಅಂತ ಹುಡುಗರು ಕುಣಿದಾಡಿದ್ದರು. ಚಿಕ್ಕಸಿದ್ದಮ್ಮ ಮಾತ್ರ ಅದನ್ನು ಬಾಣಂತಿ ಮಗುವನ್ನು ಕಾದ ಹಾಗೆ ಕಾದಳು. ಬೆಳಗ್ಗೆ ಎದ್ದವಳು ಮೊದಲು ನೋಡುತ್ತಿದ್ದುದು ಆ ದೀಪವನ್ನೇ.

ಆ ವಾರ ಕಂದಾಯ ಇಲಾಖೆಯ ಆರ್‌ಐ ಸಾಹೇಬರು ಸ್ಮಶಾನದ ಜಾಗ ನೋಡಲು ಬಂದರು. ಲಕ್ಷ್ಮಣತೀರ್ಥ ಹೊಳೆಗೆ ಸೇರುವ ಹಳ್ಳದ ದಡದಲ್ಲಿ ಕೇರಿಯವರು ಅಜ್ಜ ಮುತ್ತಜ್ಜನ ಕಾಲದಿಂದ ಹೆಣ ಹೂಳುತ್ತಿದ್ದರು. ಅದು ವರ್ಷಕ್ಕಿಷ್ಟು ಅಂತ ಧರ್ಮೇಂದ್ರನ ಹೊಲದೊಳಕ್ಕೆ ಹೋಗಿ, ಈ ಸಲ ಸುರೇಶನ ಗುಂಡಿಯ ಮೇಲೂ ಟ್ರಾಕ್ಟರು ಹರಿದು ಹೊಗೆಸೊಪ್ಪು ಎದ್ದಿತ್ತು. ಕೇರಿಯವರು ಅರ್ಜಿ ಹಾಕಿದ್ದರು. ಯಾರೋ ಆ ಜಾಗದ ವಿಡಿಯೊ ಮಾಡಿ ನೆಟ್ಟಿಗೆ ಹಾಕಿ, ಅದು ಊರೂರಿಗೂ ಹರಡಿತ್ತು.

ಸಾಹೇಬರು ಧರ್ಮೇಂದ್ರನ ಮನೆಯಿಂದ ಬಂದ ಕುರ್ಚಿಯಲ್ಲಿ ಕೂತು, ಅವನ ಮನೆಯಿಂದಲೇ ಬಂದ ಎಳನೀರು ಕುಡಿದರು.

“ಜಾಗ ಅಳ್ದು ಕಲ್ಲ್ ನೆಡ್ಸಿಕೊಡಿ ಸ್ವಾಮಿ,” ಎಂದ ಕೇರಿಯ ಯಜಮಾನ ಕಂಠಪ್ಪ.

“ಏನ್ರಯ್ಯಾ, ಆಟ ಆಡ್ತಿದೀರಾ? ಅರ್ಜಿ ಕೊಡೋರೂ ನೀವೇ, ಬೇಡ ಅನ್ನೋರೂ ನೀವೇ.” ಸಾಹೇಬರು ಫೋನು ತೆಗೆದು ಆ ವಿಡಿಯೊದ ಕೆಳಗಿದ್ದುದನ್ನು ಓದಿದರು. “‘ನಮಗೆ ಯಾವ ಸ್ಮಶಾನವೂ ಬೇಡ. ಧರ್ಮಣ್ಣನವರು ನಮ್ಮನ್ನು ಮಕ್ಕಳಂತೆ ನೋಡಿಕೊಂಡಿದ್ದಾರೆ. ಹೊರಗಿನವರ ಮಾತು ನಂಬಬೇಡಿ.’ ಬರೆದೋನು ಸುರೇಶ. ಇದೇ ಕೇರಿ. ಫೋಟೊ ನೋಡ್ಕೊಳ್ಳಿ.”

ಚಿಕ್ಕಸಿದ್ದಮ್ಮ ಜನರ ನಡುವೆ ತೂರಿ ಬಂದು ಬಗ್ಗಿ ನೋಡಿದಳು. ತಲೆಗೆ ಕೆಂಪು ಟವಲು ಸುತ್ತಿಕೊಂಡವನು ಅವಳ ಮಗನೇ.

“ಯಾವಾಗ್ ಬರುದ್ನಂತೆ ಸ್ವಾಮಿ?”

“ನಿನ್ನೆ.”

“ಅವ್ನ್ ಸತ್ತು ವರ್ಸಾಯ್ತಲ್ಲಾ. ನೀವು ಕುರ್ಚಿ ಆಕ್ಕಂಡಿರೋ ತಾವ್ಲಿಂದ ಹತ್ತ್ ಮಾರು, ಅಲ್ಲೇ ಮನ್ಗವ್ನೆ.”

ಸಾಹೇಬರು ಫೋನು ಜೇಬಿಗಿಟ್ಟರು. “ಅದೆಲ್ಲ ನನ್ನ ಕೆಲಸ ಅಲ್ಲಮ್ಮ. ಐವತ್ತು ಜನ ಬೇಡ ಅಂದಿದ್ದಾರೆ. ಅದನ್ನೇ ಮೇಲಕ್ಕೆ ಬರೀತೀನಿ.” ಧರ್ಮೇಂದ್ರ ಜೀಪಿನ ಬಾಗಿಲು ಹಿಡಿದುಕೊಂಡು ನಿಂತಿದ್ದ.

ಸಂಜೆ ಕಂಠಪ್ಪನ ಮಗಳು ಸುಕನ್ಯ ಬಂದು ಚಿಕ್ಕಸಿದ್ದಮ್ಮನ ಹೊಸಿಲ ಮೇಲೆ ಕೂತಳು. ಹುಣಸೂರಿನಲ್ಲಿ ಧರ್ಮೇಂದ್ರ ಇಟ್ಟಿದ್ದ ಆಫೀಸಿಗೆ ಅವಳು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಟೈಪಿಂಗ್ ಕೆಲಸ ಅಂತ ಕೇರಿಯೆಲ್ಲ ನಂಬಿತ್ತು.

“ಬರ್ದೋಳು ನಾನೇ ದೊಡ್ಡವ್ವ,” ಎಂದಳು.

ಚಿಕ್ಕಸಿದ್ದಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಹುಡುಗಿ ಅಳುತ್ತಲೇ ಬಿಡಿಸಿ ಹೇಳಿದಳು. “ದಿನಾ ಹನ್ನೆರಡ್ ಜನ ಆಗಿ ಬರೀತೀನಿ ನಾನು. ಕಂಪ್ಯೂಟ್ರು ಒಂದೇಯ. ಆದ್ರೆ ಆ ವಿಡಿಯೊ ತೋರ್ಸೋ ಕಂಪ್ನಿಯೋರು ಮಿಸಿನ್ನಿನ ಗುರ್ತು ಇಡೀತಾರೆ, ಅದ್ಕೆ ಒಂದೊಂದ್ ಹೆಸ್ರಿಗೂ ಒಂದೊಂದ್ ವೇಸ, ಬ್ಯಾರೆ ಬ್ಯಾರೆ ಮಿಸಿನ್ ಅನ್ನಂಗೆ. ಅದೊಂದೇ ಸಾಲ್ದು, ಮನೆನೂ ಬ್ಯಾರೆ ಕಾಣ್ಬೇಕು. ಒಂದೇ ಲೈನಿಂದ ಐವತ್ ಜನ ಮಾತಾಡುದ್ರೆ ಸಿಕ್ಕಾಕತಾರೆ. ಅದ್ಕೇ ಮನೆಗೊಂದ್ ಡಬ್ಬ. ನಾವ್ ಅಲ್ಲಿ ಬರ್ದಿದ್ದು ನಿಮ್ಮ್ ಮನೆ ಲೈನಿಂದ ಬಂದಂಗೆ ಕಾಣ್ತದೆ.”

“ನನ್ ಮಗುಂಗೂ ವೇಸ ಆಕ್ದೇನವ್ವ?”

“ಅವಂಗ್ ಬ್ಯಾಡ. ಅವಂದೇ ಫೋನು, ಬುದ್ದಿಯೋರೇ ಆಫೀಸಿಗೆ ತಂದ್ಕೊಡ್ತಾರೆ, ಮನೆನೂ ಅವಂದೇ. ಬದುಕಿರೋ ಆಸಾಮಿ ಅಂತ್ಲೇ ನಂಬ್ತಾರೆ. ಅದ್ಕೇ ಅವನ್ ಕೈಲೇ ಮೊದ್ಲು ಬರುಸ್ತಾರೆ.”

ಚಿಕ್ಕಸಿದ್ದಮ್ಮ ಅವಳ ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ಅದೇ ಕೈಯಿಂದ ಅವಳ ತಲೆಯನ್ನು ತೊಡೆಗೆ ಎಳೆದುಕೊಂಡಳು. ಬದುಕಿರುವ ತನಕ ಆ ಮನೆಗೆ ದುಡಿದ ಮಗ ಮಣ್ಣಿಗೆ ಹೋದ ಮೇಲೂ ದುಡಿಯುತ್ತಿದ್ದಾನೆ, ಅದೂ ತನ್ನ ಕೇರಿಯ ಕತ್ತು ಕುಯ್ಯುವ ಕೆಲಸ. ಅದಕ್ಕೆ ದೀಪ ಹಿಡಿದವಳು ತಾನು.

“ಡಬ್ಬ ಕಿತ್ತಾಕುದ್ರೆ?”

“ಆಫೀಸ್ ಲೈನಲ್ಲಿ ತಗೀಬೇಕಾಯ್ತದೆ. ಕಂಪ್ನಿಗೆ ಅನ್ಮಾನ ಬಂದು ಮುಖ ತೋರ್ಸು ಅಂತದೆ. ತೋರುಸ್ದಿದ್ರೆ ಅವನ್ ಅಕೌಂಟೇ ಮುಚ್ಚಾಕ್ಬುಡ್ತದೆ.”

“ಅವ್ನ್ ನನ್ನ ಕರೆಯೋದು?”

ಸುಕನ್ಯ ತಲೆ ಎತ್ತಲಿಲ್ಲ. “ಫೋನಲ್ಲಿದ್ದಿದ್ನೆಲ್ಲ ಅಳ್ಸಾಕವ್ರೆ. ಅಕೌಂಟ್ ಒಳಗೆ ಬಚ್ಚಿಟ್ಟಿರೋ ಆ ವಿಡಿಯೊ ಒಂದೇ ಉಳ್ದಿರೋದು. ಅದೂ ಓಯ್ತದೆ.”

“ಕದ್ದು ತರಾಕಾಗಕಿಲ್ವ?”

“ಬಾಗ್ಲಲ್ಲೇ ನಮ್ಮ್ ಫೋನ್ ಕಿತ್ಕತಾರೆ ದೊಡ್ಡವ್ವ.”

ಸೋಮವಾರ ಚಿಕ್ಕಸಿದ್ದಮ್ಮ ಎಂದಿನಂತೆ ಹೋಗಿ ಕೊಟ್ಟಿಗೆ ಬಾಚಿದಳು. ಎಂದಿನಂತೆ ಮೆಟ್ಟಿಲ ಕೆಳಗೆ ನಿಂತಳು. “ಒಸಿ ನಗು ಮತ್ತೆ,” ಎಂದ ಸುರೇಶ. ಈ ಸಲ ಅವಳು ಹೋಗು ಅನ್ನಲಿಲ್ಲ. ಅವನು ಕೇಳಿದ್ದು ಒಂದು ನಗು, ಅವತ್ತು ಕೊಡಲಿಲ್ಲ, ಈಗಲಾದರೂ ಕೊಡೋಣ ಅಂತ ತುಟಿ ಅಗಲಿಸಿದಳು. ಆಗಲಿಲ್ಲ. ಮುಖ ಸೊಟ್ಟಗಾಗಿ ಕಣ್ಣಲ್ಲಿ ನೀರು ಇಳಿಯಿತು.

ಮನೆಗೆ ಬಂದು ಡಬ್ಬ, ಬ್ಯಾಟರಿ ಎರಡನ್ನೂ ಕಿತ್ತು ನೀರಿನ ಗುಡಾಣದಲ್ಲಿ ಮುಳುಗಿಸಿದಳು. ಹಸಿರು ದೀಪ ಆರಿತು. ಮೊದಲ ಸಲ ಅವನನ್ನು ಕೊಂದದ್ದು ಧರ್ಮೇಂದ್ರನ ತೊಲೆ, ಈ ಸಲ ಹೆತ್ತವಳೇ ಎಂದು ಅವಳು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಳು.

ಮಾರನೆಯ ದಿನ ಧರ್ಮೇಂದ್ರನ ಬೈಕು ಕೇರಿಯೊಳಕ್ಕೆ ನುಗ್ಗಿತು. ಆ ಮನೆತನದವರು ಯಾರೂ ಅಲ್ಲಿಗೆ ಕಾಲಿಟ್ಟವರಲ್ಲ.

“ಏನ್ ಮಾಡ್ದೆಲೇ ಮುಂಡೆ? ಮುಖ ಕೇಳ್ತಾ ಐತೆ ಈ ಫೋನು. ಎಡಕ್ ತಿರ್ಗು, ಬಲಕ್ ತಿರ್ಗು ಅಂತಾ ಐತೆ. ಇವತ್ತು ತೋರುಸ್ದಿದ್ರೆ ಎಲ್ಲಾ ಓಯ್ತದೆ, ಬೋಸುಡಿ.” ಹಾಗೆ ಕೂಗಿದವನು ಅವಳ ಮುಖ ನೋಡಿ ತಟ್ಟನೆ ದನಿ ಇಳಿಸಿದ. “ಸುರೇಸ ನಿನ್ನಂಗೇ ಇದ್ದ ಕಣಮ್ಮಿ. ತಲೆ ಮ್ಯಾಲಿನ್ ಸೆರಗು ತಗ್ದು ಒಸಿ ಇದ್ರ ಮುಂದೆ ಬಾ. ಒಪ್ಪಿದ್ರೂ ಒಪ್ಪುತ್ತೆ. ಆಮ್ಯಾಕೆ ದಿನಾ ಕೇಳ್ಸ್ತೀನಿ. ಜಗಲಿ ಮ್ಯಾಲೇ ಕುಂತ್ಕಂಡ್ ಕೇಳು.”

ಫೋನಿನ ದುಂಡು ಗೆರೆಯೊಳಗೆ ಅವಳ ಮುಖ ಕಂಡಿತು. ಆ ಹಣೆ, ಆ ಮೂಗು ಸುರೇಶನದೇ. ಒಂದು ಗಳಿಗೆ ಅವಳ ಕೈ ಸೆರಗಿನ ತುದಿಗೆ ಹೋಯಿತು. ದಿನಾ ಕೇಳಬಹುದು. ದಿನಾ ಅವ್ವೋ ಅನ್ನಿಸಿಕೊಳ್ಳಬಹುದು.

ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಬಾಗಿಲ ಸಂದಿಯ ಗುದ್ದಲಿ ತೆಗೆದುಕೊಂಡಳು.

“ಬನ್ನಿ ಬುದ್ದಿ. ಅವನ್ ಮುಖನೇ ತೋರುಸ್ತೀನಿ.”

ಎಲ್ಲೋ ಫೋಟೊ ಇಟ್ಟಿದ್ದಾಳೆ ಅಂದುಕೊಂಡು ಧರ್ಮೇಂದ್ರ ಹಿಂದೆ ಹೋದ. ಕಂಠಪ್ಪ ಹೊರಟ, ಸುಕನ್ಯ ಹೊರಟಳು, ನೋಡುತ್ತ ನೋಡುತ್ತ ಕೇರಿಯೇ ಹಿಂದೆ ಬಂತು. ಹಳ್ಳದ ದಡದಲ್ಲಿ ಎದೆಯುದ್ದ ಬೆಳೆದ ಹೊಗೆಸೊಪ್ಪಿನೊಳಕ್ಕೆ ನುಗ್ಗಿ, ಚಿಕ್ಕಸಿದ್ದಮ್ಮ ಎರಡೂ ಕೈಯಿಂದ ಗಿಡ ಕೀಳತೊಡಗಿದಳು.

“ಲೇ, ನನ್ ಬೆಳೆ ಕಣೇ ಅದು.”

ಮಲಗಿದವನಷ್ಟು ಉದ್ದದ ಜಾಗ ಬಯಲಾಯಿತು. ಅವಳು ಗುದ್ದಲಿಯನ್ನು ಧರ್ಮೇಂದ್ರನ ಕಾಲ ಬಳಿ ಇಟ್ಟು, ಮಗನ ತಲೆದೆಸೆಯಲ್ಲಿ ಕುಕ್ಕರಿಸಿದಳು.

“ಇಲ್ಲೇ ಅವ್ನೆ. ಅಗ್ದು ತಗೀರಿ. ಎಡಕ್ಕೋ ಬಲಕ್ಕೋ, ಬೇಕಾದಂಗ್ ತಿರುಗ್ಸಿ ತೋರುಸ್ಕಳಿ.”

ಧರ್ಮೇಂದ್ರ ಹಿಂದಕ್ಕೆ ಹೆಜ್ಜೆ ಇಟ್ಟ. ಹಿಂದೆ ಕೇರಿ ನಿಂತಿತ್ತು, ಯಾರೂ ದಾರಿ ಬಿಡಲಿಲ್ಲ. ಅವನ ಕೈಯಲ್ಲಿ ಫೋನು ಇನ್ನೂ ಮುಖ ಕೇಳುತ್ತಲೇ ಇತ್ತು.

“ಅಗೀರಿ ಬುದ್ದಿ,” ಎಂದಳು ಚಿಕ್ಕಸಿದ್ದಮ್ಮ.